ಹಾಳೆಯಲ್ಲಿಲ್ಲದ ಹೆಸರು

ಸೆವೆರಿನ್ ಮನೆಯ ಕೀಲಿಕೈಯನ್ನು ಮೈಕಿನ ಪಕ್ಕದಲ್ಲಿಟ್ಟ. ಲೂಬೊಮಿರ್ ನೋಡಿಯೂ ನೋಡದವನಂತೆ ಹಾಳೆಗಳನ್ನು ಜೋಡಿಸುತ್ತಲೇ ಇದ್ದ.

"ಆರು ಗಂಟೆ ಬಸ್ಸಿಗೆ ಹೊರಟಿದೀನಿ. ಗ್ದಿನ್ಯಾಕ್ಕೆ, ಅಕ್ಕನ ಮನೆಗೆ. ಅಲ್ಲೇ ಒಂದು ಶಾಲೇಲಿ ಕೆಲಸ ಸಿಕ್ಕಿದೆ."

"ವಾಪಸ್ ಬರೋದು?"

"ಕೀಲಿಕೈ ಕೊಟ್ಟ ಮೇಲೂ ಕೇಳ್ತೀಯಲ್ಲ."

"ನಮ್ಮ ಸೋದರತ್ತೆ ಬಂದಾಗ ನೀನು ಯಾರು ಅಂತ ಇನ್ನೇನು ಹೇಳಬೇಕಿತ್ತು ನಾನು?"

"ಸ್ನೇಹಿತ ಅನ್ನಬಹುದಿತ್ತು. ಜೊತೇಲಿ ಚದುರಂಗ ಆಡೋನು ಅನ್ನಬಹುದಿತ್ತು. ನೀನು ರೇಡಿಯೋ ರಿಪೇರಿಯವನು ಅಂದೆ. ಅವರು ನಂಬಿ ಮಾರನೇ ದಿನ ತಮ್ಮ ರೇಡಿಯೋನ ನನ್ನ ಕೈಗೇ ತಂದುಕೊಟ್ರು ಕಣೋ."

"ಏನು ಮಾಡಿದೆ?"

"ಬಿಚ್ಚಿದೆ. ಮುಚ್ಚೋಕೆ ಬರಲಿಲ್ಲ." ಸೆವೆರಿನ್ ನಗಲಿಲ್ಲ. "ಟಿಕೆಟ್ ತಗೊಂಡಿದೀನಿ, ಸಿನಿಮಾ ನೋಡ್ಕೊಂಡು ಹೋಗ್ತೀನಿ."

ಸಾಂದೊಮಿಯೆಜ್ ಊರಿನಲ್ಲಿ ಲೂಬೊಮಿರ್‌ನ ಮುಖ ಗೊತ್ತಿಲ್ಲದವರು ಸಿಕ್ಕಾರು, ಧ್ವನಿ ಗೊತ್ತಿಲ್ಲದವರು ಸಿಗಲಾರರು. ಅವನು ಚಿತ್ರಗಳ ಓದುಗ. ಪರದೇಶದ ಸಿನಿಮಾ ಬಂದಾಗ ಅದರ ಸದ್ದು ತಗ್ಗಿಸಿ, ಹಿಂದಿನ ಗಾಜಿನ ಕೋಣೆಯಲ್ಲಿ ಕೂತು, ನಾಯಕ, ನಾಯಕಿ, ಕೊಲೆಗಾರ, ಅಜ್ಜಿ, ಎಲ್ಲರ ಮಾತನ್ನೂ ಅವನೊಬ್ಬನೇ ಪೋಲಿಷ್ ಭಾಷೆಯಲ್ಲಿ ಹೇಳುತ್ತಾನೆ. ಅದಕ್ಕೆ ಒಂದೇ ಕಟ್ಟಳೆ: ಓದುಗ ಅಳಬಾರದು, ನಗಬಾರದು. ಅವನೊಬ್ಬ ಇದ್ದಾನೆ ಎಂಬುದನ್ನೇ ಜನ ಮರೆಯಬೇಕು. ಈ ವಿದ್ಯೆಯಲ್ಲಿ ಲೂಬೊಮಿರ್‌ನನ್ನು ಮೀರಿಸಿದವರಿಲ್ಲ. ಸಾವಿರಾರು ಹೆಂಗಸರಿಗೆ ಪ್ರೀತಿಸುತ್ತೇನೆ ಎಂದು ಹೇಳಿದವನು, ಹನ್ನೆರಡು ವರ್ಷ ಜೊತೆಗಿದ್ದ ಒಬ್ಬನಿಗೆ ಆ ಮಾತು ಹೇಳಿರಲಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಅಂತಾರಲ್ಲ, ಹಾಗಾಗಿತ್ತು ಅವನ ವಿದ್ಯೆ.

ಅವತ್ತು ಭಾನುವಾರ ಮಧ್ಯಾಹ್ನ. ಚರ್ಚಿನಿಂದ ನೇರ ಬಂದವರೇ ಹೆಚ್ಚು. ಸಂಸ್ಕೃತಿ ಭವನದ ಮುಖ್ಯಸ್ಥೆ ಬ್ರೋನ್ಯಾ ಮೇಡಂ ಓದುಗನ ಕೋಣೆಗೆ ಏದುಸಿರು ಬಿಡುತ್ತ ಬಂದಳು. ಪೋರ್ಚುಗಲ್ಲಿನ ಮೀನುಗಾರರ ಚಿತ್ರ ಎಂದಷ್ಟೇ ತಿಳಿದು ತರಿಸಿದ್ದಳು. ಮೀನುಗಾರರು ಏನು ಮಾಡುತ್ತಾರೆ ಎಂಬುದು ಹಾಳೆ ಓದಿದ ಮೇಲೆ ತಿಳಿದಿತ್ತು.

"ಪಾದ್ರಿಗಳು ಎರಡನೇ ಸಾಲಲ್ಲಿ ಕೂತಿದಾರೆ ಲೂಬೊಮಿರ್ ಅವರೇ. ಆ ದೋಣಿಮನೆ ಸೀನು ಬಂದಾಗ, ನಾನು ಪೆನ್ಸಿಲಲ್ಲಿ ತಿದ್ದಿದೀನಲ್ಲ, ಅದನ್ನೇ ಓದಿ. 'ತೊಮೆ, ನೀನು ನನಗೆ ಅಣ್ಣ ಇದ್ದ ಹಾಗೆ.' ಅಷ್ಟೇ ಸಾಕು."

"ಅವರು ತಬ್ಬಿಕೊಳ್ತಾರಲ್ಲ ಮೇಡಂ?"

"ಅಣ್ಣತಮ್ಮಂದಿರು ತಬ್ಬಿಕೊಳ್ಳಲ್ವಾ?"

ದೀಪ ಆರಿತು. ಲೂಬೊಮಿರ್ ಓದತೊಡಗಿದ. ಕಡಲ ದಂಡೆಯ ಜನರು, ಮಾತೇ ಕಡಿಮೆ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಂತೂ ಇಲ್ಲ. ಓದು ನಿಂತಾಗಲೆಲ್ಲ ಅವನ ಕಣ್ಣು ನಾಲ್ಕನೇ ಸಾಲಿನಲ್ಲಿ ಸೆವೆರಿನ್‌ನ ಕಂದು ಟೋಪಿಯ ಮೇಲೆ ಹೋಗುತ್ತಿತ್ತು. ಆ ಟೋಪಿಯನ್ನು ಅವನೇ ಕೊಡಿಸಿದ್ದ. ನಾಳೆಯಿಂದ ಮನೆಗೆ ಹೋಗಿ ಯಾರಿಗೆ ಏನು ಹೇಳುವುದು ಎಂದುಕೊಳ್ಳುತ್ತಲೇ ಮುಂದಿನ ಹಾಳೆ ತಿರುವಿದ.

ಪರದೆಯ ಮೇಲೆ ದೋಣಿಮನೆ ಬಂತು. ಬಲೆ ಹೆಣೆಯುತ್ತಿದ್ದವನು ಕೈಬಿಟ್ಟು ಎದ್ದ. ಇನ್ನೊಬ್ಬ ಗೋಡೆಗೆ ಮುಖ ಮಾಡಿ ನಿಂತಿದ್ದ. ಎದ್ದವನ ತುಟಿ ಅಲುಗಿತು. ಲೂಬೊಮಿರ್ ಹಾಳೆಯನ್ನೇ ನೋಡುತ್ತಿದ್ದ, ಪೆನ್ಸಿಲಿನ ಅಕ್ಷರ ಸ್ಪಷ್ಟವಾಗಿಯೇ ಇತ್ತು. ಬಾಯಲ್ಲಿ ಬಂದದ್ದು ಬೇರೆ.

"ಸೆವೆರಿನ್, ನೀನಿಲ್ಲದೆ ನಾನು ಬದುಕಲಾರೆ."

ಧ್ವನಿ ಎಂದಿನಂತೆ ಸಪಾಟಾಗಿತ್ತು. ಹೇಳಿ ಮುಗಿಸಿದ ಮೇಲೆಯೇ ತಾನು ಹೇಳಿದ್ದು ಅವನಿಗೆ ತಿಳಿದದ್ದು. ಇಡೀ ಊರಿಗೆ ಇರುವವನು ಒಬ್ಬನೇ ಸೆವೆರಿನ್, ಶಾಲೆಯ ಭೂಗೋಳದ ಮೇಷ್ಟ್ರು.

ಕಸಾಯಿ ಅಂಗಡಿಯವನು ಕತ್ತಲಲ್ಲಿ ಕೂಗಿದ: "ಮೇಷ್ಟ್ರೇ, ಮೀನು ಹಿಡಿಯೋದು ಯಾವಾಗ ಕಲಿತ್ರಿ?"

ಸಭೆ ಗೊಳ್ಳೆಂದು ನಕ್ಕಿತು. ಪಾದ್ರಿಗಳೂ ನಕ್ಕರು. ಕಂದು ಟೋಪಿ ಅಲುಗಲಿಲ್ಲ.

ಆ ನಗುವಿನಲ್ಲೇ ಲೂಬೊಮಿರ್‌ಗೆ ದಾರಿ ಕಂಡಿತು. ಮೀನುಗಾರನ ಹೆಸರೇ ಸೆವೆರಿನ್ ಆಗಿಬಿಟ್ಟರೆ ಇದು ಬರೀ ತಮಾಷೆ. ಆ ಹೆಸರು ಒಂದೇ ಸಲಕ್ಕೆ ಬಂದು ಹೋದರೆ ಊರು ಯೋಚಿಸುತ್ತದೆ. ಅವನು ಮುಂದಿನ ಮಾತಿಗೂ ಅದನ್ನೇ ಸೇರಿಸಿದ. "ಸೆವೆರಿನ್, ಈ ಕಡೆ ತಿರುಗು."

ಬ್ರೋನ್ಯಾ ಕತ್ತಲಲ್ಲಿ ತಡವರಿಸುತ್ತ ಕೋಣೆಗೆ ಬಂದಳು. ಅವನು ಮೈಕಿಗೆ ಕೈ ಮುಚ್ಚಿದ.

"ಸೆವೆರಿನ್ ಯಾರ್ರೀ?"

"ಮೀನುಗಾರ."

"ಅವನು ತೊಮೆ ಅಲ್ವಾ?"

"ಎರಡು ಸಲ ಹೇಳಿಬಿಟ್ಟೆ ಮೇಡಂ. ಈಗ ತೊಮೆ ಅಂದ್ರೆ ಇನ್ನೊಬ್ಬ ಬಂದ ಅಂದ್ಕೋತಾರೆ. ಇರೋ ಇಬ್ಬರೇ ನಿಮಗೆ ಜಾಸ್ತಿ ಆಗಿದಾರಲ್ಲ."

ಅವಳು ಶಿಲುಬೆಯ ಗುರುತು ಮಾಡಿಕೊಂಡು ಹೊರಟುಹೋದಳು.

ಹೀಗೆ ಉಳಿದ ಚಿತ್ರವೆಲ್ಲ ಲೂಬೊಮಿರ್ ಆ ಹೆಸರನ್ನು ಹೇಳಿದ. ಸೆವೆರಿನ್, ಊಟ ಮಾಡು. ಸೆವೆರಿನ್, ನಿನ್ನಪ್ಪ ನನ್ನನ್ನು ಕೊಲ್ಲುತ್ತಾನೆ. ಪೇಟೆಯಲ್ಲಿ ಒಂದು ಸಲವೂ ಜೋರಾಗಿ ಕರೆಯದಿದ್ದ ಹೆಸರು ಗೋಡೆಗೋಡೆಗೆ ಬಡಿದು ಬರುತ್ತಿತ್ತು. ಸುಖವೂ ಅನ್ನಿಸುತ್ತಿತ್ತು, ನಾಚಿಕೆಯೂ ಅನ್ನಿಸುತ್ತಿತ್ತು, ಏಕೆಂದರೆ ಇದೂ ರೇಡಿಯೋ ರಿಪೇರಿಯೇ. ಮತ್ತೆ ಸೆವೆರಿನ್‌ನನ್ನು ಬೇರೊಬ್ಬನ ವೇಷದಲ್ಲಿ ಮರೆಮಾಡುತ್ತಿದ್ದ.

ಚಿತ್ರದ ಕೊನೆಗೆ ಕಡಲಿಗೆ ಹೋದ ದೋಣಿ ಮರಳಿ ಬರಲಿಲ್ಲ. ದಂಡೆಯಲ್ಲಿ ನಿಂತವನು ಅಲೆಗಳ ಕಡೆ ಬಾಯಿಗೆ ಕೈ ಅಡ್ಡ ಹಿಡಿದು ಮೂರು ಸಲ ಕೂಗಿದ. ಲೂಬೊಮಿರ್ ಮೂರೂ ಸಲ, ಅಂಚೆಯವನು ವಿಳಾಸ ಓದುವ ಹಾಗೆ, ಹೆಸರನ್ನು ಓದಿದ. ಸಭೆಯಲ್ಲಿ ಯಾರೋ ಮೂಗು ಸೀಟಿದರು. ಅವನ ಕಟ್ಟಳೆ ಮುರಿಯಲಿಲ್ಲ.

ದೀಪ ಹತ್ತಿತು. ಬ್ರೋನ್ಯಾ ಬೇಗ ಬೇಗ ಮೈಕಿನ ವಿದ್ಯುತ್ತು ತೆಗೆಸಿದಳು. ಜನ ಕೋಟು ತೊಡುತ್ತ ಬೆಂಚುಗಳ ನಡುವೆ ತಳ್ಳಾಡುತ್ತಿದ್ದರು. ಕಸಾಯಿಯವನು ಮೇಷ್ಟ್ರ ಬೆನ್ನು ತಟ್ಟಿ, "ಮುಳುಗಿಹೋದ್ರಲ್ಲ ಸ್ವಾಮಿ," ಅಂದ. ಸೆವೆರಿನ್ ಸೌಜನ್ಯಕ್ಕೆ ತಲೆಯಾಡಿಸಿದ, ಬೆಂಚಿನಡಿಯಿಂದ ಚೀಲ ಎಳೆದುಕೊಂಡ. ಹಿಂದೆ ತಿರುಗಿ ಗಾಜಿನ ಕೋಣೆಯ ಕಡೆ ನೋಡಲಿಲ್ಲ. ಕೆಲಸದ ಗೇನ್ಯಾ ಬಾಗಿಲ ಬಳಿ ಒದ್ದೆ ಬಟ್ಟೆ ಹಿಡಿದು ನೆಲ ಒರೆಸುತ್ತಿದ್ದಳು. ಅವಳನ್ನು ದಾಟಿ ಅವನು ಬಾಗಿಲು ನೂಕಿದ.

ಲೂಬೊಮಿರ್ ಮೈಕಿಗೆ ಬಾಗಿದ, ಅದು ಸತ್ತಿತ್ತು. ಸಭಾಂಗಣದ ಕಡೆಗಿದ್ದ ಕೋಣೆಯ ಸಣ್ಣ ಕಿಟಕಿಯನ್ನು ಎರಡೂ ಕೈಯಲ್ಲಿ ನೂಕಿದ. ಹಳೆಯ ಬಣ್ಣ ಅಂಟಿಕೊಂಡಿತ್ತು, ಭುಜ ಕೊಟ್ಟು ತಳ್ಳಿದ ಮೇಲೆ ತೆರೆಯಿತು. ತಲೆ ಹೊರಗೆ ಹಾಕಿ ಕೂಗಿದ.

"ಸೆವೆರಿನ್, ಹೋಗಬೇಡ!"

ಕೋಟಿನ ಗುಂಡಿ ಹಾಕುತ್ತಿದ್ದ ಕೈಗಳು ನಿಂತವು. ಕಸಾಯಿಯವನ ಬಾಯಿ ತೆರೆದುಕೊಂಡಿತು, ಆದರೆ ಅದರಿಂದ ತಮಾಷೆ ಹೊರಡಲಿಲ್ಲ. ಪಾದ್ರಿಗಳು ತಮ್ಮ ಟೋಪಿಯ ಅಂಚನ್ನು ನೋಡಿಕೊಂಡರು. ಒಡೆದು, ಕೀರಲಾಗಿ, ಅರ್ಧಕ್ಕೇ ಉಸಿರು ಕಟ್ಟಿದ ಆ ಧ್ವನಿಯನ್ನು ಊರು ಹಿಂದೆಂದೂ ಕೇಳಿರಲಿಲ್ಲ.

ಗೇನ್ಯಾ ಬಗ್ಗಿದಲ್ಲಿಂದಲೇ ಕತ್ತೆತ್ತಿದಳು. "ಸಿನಿಮಾ ಮುಗೀತಲ್ಲ, ಇನ್ನೂ ಯಾರು ಅದು ಕೂಗ್ತಿರೋದು?"

ಸೆವೆರಿನ್ ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಬಾಗಿಲು ಹಿಡಿದು, ಬೀದಿಯ ಕಡೆ ಮುಖ ಮಾಡಿ ನಿಂತಿದ್ದ.

"ಒಳಗೋ ಹೊರಗೋ ಒಂದು ಮಾಡಿ ಮೇಷ್ಟ್ರೇ," ಎಂದಳು ಗೇನ್ಯಾ, "ಚಳಿ ನುಗ್ತಿದೆ."

ಅವನು ಅಲುಗಲಿಲ್ಲ. ತೆರೆದ ಬಾಗಿಲಿಂದ ಹಿಮ ಒಳಗೆ ಬಂದು, ಅವಳು ಆಗಷ್ಟೇ ಒರೆಸಿದ ನೆಲದ ಮೇಲೆ ಬೀಳುತ್ತಿತ್ತು.