ಉಣ್ಣುವ ಬಾಯಿಗೆ ಅರಿಶಿನ

ನಾನೊಂದು ಪುಟ್ಟ ಎಲೆಕ್ಟ್ರಿಕ್ ಕಾರು. ಪುಟ್ಟ ಎಂದು ನಾನು ಹೇಳಿಕೊಳ್ಳಬಹುದು, ಬೇರೆಯವರು ಹೇಳಿದರೆ ಮಾತ್ರ ನನಗೆ ಸಿಟ್ಟು ನೆತ್ತಿಗೇರುತ್ತದೆ. ನಮ್ಮ ಕಂಪನಿಯಲ್ಲಿ ನಾವು ಮೂವರು ಅಣ್ಣತಮ್ಮಂದಿರು. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದೆವು, ಒಂದೇ ಬಿಳಿ ಬಣ್ಣ ಬಳಿಸಿಕೊಂಡೆವು. ಆದರೆ ಬ್ಯಾಟರಿ ಕೂರಿಸುವ ಹೊತ್ತಿಗೆ ವ್ಯತ್ಯಾಸ ಮಾಡಿಬಿಟ್ಟರು. ದೊಡ್ಡಣ್ಣನಿಗೆ ಮಂಚದಷ್ಟು ಬ್ಯಾಟರಿ, ನಡುವಿನವನಿಗೆ ಅದಕ್ಕಿಂತ ಕಡಿಮೆ, ನನಗೆ ಊಟದ ಮಣೆಯಷ್ಟು.

ಹುಬ್ಬಳ್ಳಿಯ ಗೋಕುಲ ರಸ್ತೆಯ ಶೋರೂಮಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಮುಂದೆ ಒಂದು ಬೋರ್ಡು ಇಟ್ಟರು. ಒಂದು ಸಲ ಚಾರ್ಜ್ ಮಾಡಿದರೆ ದೊಡ್ಡಣ್ಣ ನಾನೂರು ಕಿಲೋಮೀಟರ್ ಓಡುತ್ತಾನೆ, ನಡುವಿನವನು ಮುನ್ನೂರು, ನಾನು ನೂರೆಪ್ಪತ್ತು. ದೊಡ್ಡಣ್ಣನಿಗೆ ಗಾಜಿನ ಚಾವಣಿ, ತಾನೇ ತೆರೆದುಕೊಳ್ಳುವ ಡಿಕ್ಕಿ. ನಡುವಿನವನಿಗೆ ಹಿಂದೆ ನೋಡುವ ಕ್ಯಾಮೆರಾ. ನನಗೇನು? ನೀರಿನ ಬಾಟಲಿ ಇಡಲು ಎರಡು ಗೂಡು. ಬಂದವರೆಲ್ಲ ಬೋರ್ಡು ಓದಿ, ನನ್ನ ಬಾಗಿಲನ್ನು ಸುಮ್ಮನೆ ತೆಗೆದು ಮುಚ್ಚಿ, ದೊಡ್ಡಣ್ಣನ ಪಕ್ಕ ನಿಂತು ಫೋಟೊ ಹೊಡೆಸಿಕೊಳ್ಳುತ್ತಿದ್ದರು. ಹಾಳಾಗಿ ಹೋಗಲಿ ಎಂದು ನಾನು ಸುಮ್ಮನಿದ್ದೆ. ಇಲ್ಲ, ಸುಳ್ಳೇಕೆ ಹೇಳಲಿ, ಒಳಗೊಳಗೇ ಕುದಿಯುತ್ತಿದ್ದೆ.

ದೀಪಾವಳಿ ಮುಗಿದ ವಾರ ಕಸ್ತೂರಿ ಟೀಚರು ಬಂದರು. ವಿದ್ಯಾನಗರದ ಓಣಿಯೊಂದರಲ್ಲಿ ಹೊಲಿಗೆ ಕ್ಲಾಸು ನಡೆಸುವವರು, ಐವತ್ತು ದಾಟಿದವರು. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಅವರು ಬೋರ್ಡಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ನನ್ನ ಹತ್ತಿರ ಬಂದು ಟೇಪು ಬಿಚ್ಚಿ, ರವಿಕೆಗೆ ಅಳತೆ ತೆಗೆದ ಹಾಗೆ ನನ್ನ ಉದ್ದ ಅಗಲ ತೆಗೆದರು.

"ದೊಡ್ಡದು ನೋಡ್ರಿ ಮೇಡಂ, ನಾನೂರು ಕಿಲೋಮೀಟರ್ ಹೊಕ್ಕೈತಿ" ಎಂದ ಸೇಲ್ಸಿನವನು.

"ನಾನೂರು ಕಿಲೋಮೀಟರ್ ಹೋಗಿ ನಾ ಏನ್ ಮಾಡ್ಲೆಪಾ? ನಮ್ಮ ಓಣಿಯೊಳಗ ತಿರುಗೂದು ಇದೊಂದ. ಇದನ್ನ ಕೊಡು" ಎಂದರು ಟೀಚರು. ಆ ಕ್ಷಣದಿಂದ ನಾನು ಅವರವನಾದೆ.

ಅವರು ಕಾರು ನಡೆಸುವುದನ್ನು ಕಲಿತದ್ದು ನಲವತ್ತೊಂಬತ್ತನೇ ವಯಸ್ಸಿನಲ್ಲಂತೆ. ಆದರೂ ಕೈ ಗಟ್ಟಿ. ಪಕ್ಕದಲ್ಲಿ ಕೂರುವ ಯಜಮಾನರು ಮಹಾರುದ್ರಪ್ಪನವರು ಮಾತ್ರ ಹುಬ್ಬಳ್ಳಿಯ ಟ್ರಾಫಿಕ್ಕಿನಲ್ಲಿ ಮೇಲಿನ ಹಿಡಿಕೆ ಬಿಡುತ್ತಿರಲಿಲ್ಲ. ಬಟ್ಟೆ ಗಂಟು, ಗುಂಡಿ ಡಬ್ಬಿ, ಫಾಲ್ ಹಚ್ಚಿದ ಸೀರೆ, ಎಲ್ಲವೂ ನನ್ನ ಹಿಂದಿನ ಸೀಟಿನಲ್ಲಿ ಊರು ಸುತ್ತಿದವು. ಸುಖವಾಗಿದ್ದೆ.

ಸುಖಕ್ಕೆ ಕಲ್ಲು ಬಿದ್ದದ್ದು ಅಕ್ಷಯ ತದಿಗೆಯ ದಿನ. ಟೀಚರ ತಂಗಿ ದಾಕ್ಷಾಯಣಿ ಗದಗಿನಲ್ಲಿರುವವರು. ಅವರ ಮನೆಗೆ ಅಂದು ಹೊಸ ಕಾರು ಬಂತು. ಹೋಗಿ ನೋಡಿದರೆ ಯಾರು? ನನ್ನ ದೊಡ್ಡಣ್ಣ! ಬೀಗರು ಬಿಜ್ಜರೆಲ್ಲ ಸೇರಿದ್ದರು. ನಮ್ಮಿಬ್ಬರನ್ನೂ ಒಟ್ಟಿಗೆ ನಿಲ್ಲಿಸಿದ್ದೇ ತಪ್ಪಾಯಿತು.

"ಅಕ್ಕಾ, ನಿನ್ನ ಗಾಡಿ ನಮ್ಮ ಗಾಡಿ ಡಿಕ್ಕಿಯೊಳಗ ಹಿಡಸ್ತೈತಿ ನೋಡ" ಎಂದು ನಕ್ಕರು ತಂಗಿ. ಎಲ್ಲರೂ ನಕ್ಕರು.

ಅಕ್ಕನೂ ಬಿಡಲಿಲ್ಲ. "ಖರೆ. ಆದ್ರ ನನ್ನ ಗಾಡಿ ನಾನ ನಡಸ್ತೀನಿ. ನಿನಗ ಮಂದಿ ಬೇಕು."

ಯಾರೂ ನಗಲಿಲ್ಲ. ದಾಕ್ಷಾಯಣಿ ಎರಡು ಸಲ ಡ್ರೈವಿಂಗ್ ಪರೀಕ್ಷೆಗೆ ಹೋಗಿ ಎರಡು ಸಲವೂ ಫೇಲಾಗಿದ್ದರು. ಆ ಮಾತು ಅವರಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅವತ್ತು ನಿಂತ ಮಾತು ಐದು ತಿಂಗಳಾದರೂ ಶುರುವಾಗಲಿಲ್ಲ. ಟೀಚರು ಫೋನು ಕೈಗೆತ್ತಿಕೊಂಡು ತಂಗಿಯ ಹೆಸರು ನೋಡಿ, ಮತ್ತೆ ನನ್ನ ಬಾಟಲಿ ಗೂಡಿನಲ್ಲಿ ಇಡುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ನಮ್ಮನ್ನು ಹೋಲಿಸಲು ಹೋಗಿ ಇವರು ತಮ್ಮನ್ನು ತಾವೇ ಹೋಲಿಸಿಕೊಂಡರಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಖಂಡೇನವಮಿ ಬಂತು. ನನಗದು ಮೊದಲ ಆಯುಧಪೂಜೆ. ಇಲ್ಲೊಂದು ವಿಷಯ ಹೇಳಬೇಕು. ಈ ಅಕ್ಕತಂಗಿಯರ ತವರು ನವಲಗುಂದ, ಅಪ್ಪನದು ಹಿಟ್ಟಿನ ಗಿರಣಿ. ತೀರಿಹೋದ ಅವರವ್ವ ಹಬ್ಬದ ದಿನ ಕಾಳು ಸುರಿಯುವ ಗಿರಣಿಯ ಬಾಯಿಗೇ ಮೊದಲು ಅರಿಶಿನ ಹಚ್ಚುತ್ತಿದ್ದರಂತೆ. ಯಂತ್ರ ಎಲ್ಲಿಂದ ಉಣ್ಣುತ್ತದೋ ಆ ಬಾಯಿಗೆ ಮೊದಲ ಪೂಜೆ, ಅದು ಆ ಮನೆಯ ಪದ್ಧತಿ. ಟೀಚರು ಹೊಲಿಗೆ ಯಂತ್ರಗಳಿಗೆ ಎಣ್ಣೆ ಬಿಡುವ ತೂತಿಗೆ ಅರಿಶಿನ ಇಟ್ಟು, ನನ್ನ ಹತ್ತಿರ ಬಂದರು. ಚಾರ್ಜಿಂಗ್ ಮುಚ್ಚಳ ತೆಗೆದರು. ಒದ್ದೆ ಅರಿಶಿನವನ್ನು ಕಿರುಬೆರಳಿನಿಂದ ಒಂದೊಂದು ತೂತಿಗೂ ಪ್ರೀತಿಯಿಂದ ಹಚ್ಚಿದರು. ಮೇಲೆ ಕುಂಕುಮ, ಅಕ್ಷತೆ. ನನಗೆ ಕಚಗುಳಿಯಾಯಿತು. ಅಯ್ಯೋ ಬೇಡವ್ವ ಎನ್ನಲು ನನಗೆ ಬಾಯಿದ್ದದ್ದು ಅದೊಂದೇ, ಅದರ ತುಂಬ ಅರಿಶಿನ.

ಮರುದಿನ ಬೆಳಿಗ್ಗೆ ಚಾರ್ಜಿಗೆ ಹಾಕಿದರೆ ಕೆಂಪು ದೀಪ. ಮೆಕ್ಯಾನಿಕ್ಕಿಗೆ ಫೋನು ಹೋಯಿತು. "ಏನ್ ಮಾಡೀರಿ ಟೀಚರ! ನೀರು ಹಾಕಬ್ಯಾಡ್ರಿ, ಚಾರ್ಜಿಗೂ ಹಾಕಬ್ಯಾಡ್ರಿ. ಇದ್ದಷ್ಟು ಓಡಸ್ರಿ. ಹಬ್ಬ ಮುಗಿಸಿ ಬರ್ತೀನಿ" ಎಂದ.

ನನ್ನ ಪರದೆಯ ಮೇಲೆ ಅರವತ್ನಾಲ್ಕು ಕಿಲೋಮೀಟರ್ ಎಂದಿತ್ತು. ಗದಗಿಗೆ ಐವತ್ತೆಂಟು. ಅಂದು ಬನ್ನಿಹಬ್ಬ, ಎಲೆ ಕೊಟ್ಟು ಮುನಿಸು ಮರೆಯುವ ದಿನ. ಟೀಚರು ಬನ್ನಿ ಎಲೆಗಳನ್ನು ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡಿದ್ದರು.

"ಬಸ್ಸಿಗೆ ಹೋಗೂಣಲ್ಲ" ಎಂದರು ಯಜಮಾನರು.

"ಇಲ್ರೀ. ಈ ಗಾಡಿ ಸಲುವಾಗಿ ಮಾತು ಬಿಟ್ಟೀವಿ, ಈ ಗಾಡಿಯೊಳಗ ಹೋಗಿ ಮಾತಾಡ್ಬೇಕು. ಇವತ್ತು ಬನ್ನಿ ಕೊಡ್ಲಿಲ್ಲಂದ್ರ ಇನ್ನ ಯಾವತ್ತೂ ಆಗೂದಿಲ್ಲ." ಟೀಚರು ಕೀಲಿಕೈ ಎತ್ತಿಕೊಂಡರು.

ಹೊರಟೆವು. ಎಸಿ ಬಂದ್, ಹಾಡು ಬಂದ್. ವೇಗ ನಲವತ್ತು. ಕಡಲೆ ಬಿತ್ತಲು ಹದಮಾಡಿದ ಕರಿ ಹೊಲಗಳ ನಡುವೆ ನಮ್ಮನ್ನು ಟ್ರ್ಯಾಕ್ಟರುಗಳು ಹಿಂದೆ ಹಾಕಿದವು. ಯಜಮಾನರು ಪೇಪರಿನಿಂದ ಹೆಂಡತಿಗೆ ಗಾಳಿ ಹಾಕುತ್ತಿದ್ದರು. ಅಣ್ಣಿಗೇರಿಯಲ್ಲಿ ನೋಡಿದರೆ ಪರದೆಯ ಮೇಲೆ ಇಪ್ಪತ್ನಾಲ್ಕು, ದಾರಿ ಇಪ್ಪತ್ಮೂರು. ಅಲ್ಲಿಂದ ಮುಂದೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ಎದುರುಗಾಳಿ! ಹುಲಕೋಟಿ ದಾಟುವಾಗ ಪರದೆಯ ಮೇಲಿನ ಅಂಕಿಯೇ ಮಾಯವಾಗಿ ಎರಡು ಗೀಟು ಮಾತ್ರ ಉಳಿದವು. ದೊಡ್ಡಣ್ಣನಾಗಿದ್ದರೆ ನಿದ್ದೆಗಣ್ಣಲ್ಲೇ ಮುಟ್ಟುತ್ತಿದ್ದ. ಅವನ ಮೇಲೆ ಶೋರೂಮಿನಲ್ಲಿ ಎಷ್ಟು ಹೊಟ್ಟೆಕಿಚ್ಚು ಪಟ್ಟೆನೋ ಅಷ್ಟೇ ಅವನ ನೆನಪೂ ಆಯಿತು.

"ನಡಿ ನನ್ನಪ್ಪಾ" ಎಂದು ಟೀಚರು ಸ್ಟೀರಿಂಗ್ ಸವರಿದರು. "ಇನ್ನೊಂದೀಟು ನಡಿ."

ನಡೆದೆ. ಹೇಗೆ ನಡೆದೆನೋ ನನಗೇ ಗೊತ್ತಿಲ್ಲ. ಗದಗಿನ ಆ ಮನೆಯ ಗೇಟಿನ ಮುಂದೆ ಬಂದು, ಬ್ಯಾಟರಿ ಬರಿದಾದಾಗ ಬರುವ ಆಮೆಯ ಚಿತ್ರ ತೋರಿಸಿ, ಇನ್ನು ಒಂದು ಹೆಜ್ಜೆಯೂ ಆಗದು ಎಂದು ನಿಂತುಬಿಟ್ಟೆ.

ಅಂಗಳದಲ್ಲಿ ದೊಡ್ಡಣ್ಣ ನಿಂತಿದ್ದ. ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟ ದಾಕ್ಷಾಯಣಿ, ಅಳು ಬಂದ ಮುಖ. ಒಂದು ಕೈಯಲ್ಲಿ ಬನ್ನಿ ಎಲೆ, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ. ಅಕ್ಕನನ್ನು ನೋಡಿದ್ದೇ ತಡ ಅವರ ಬಾಯಿಂದ ಮಾತು ತಾನಾಗಿ ಬಂತು.

"ಅಕ್ಕಾ, ನಾನ ನಿಮ್ಮನಿಗೆ ಬರಾಕ ಹೊಂಟಿದ್ದೆ. ನಿನ್ನೆ ಮಧ್ಯಾಹ್ನದಿಂದ ಈ ಗಾಡಿ ಚಾರ್ಜ್ ಆಗವಲ್ತು, ಪೂರಾ ಖಾಲಿ ಐತಿ. ಡ್ರೈವರ್ ಕೈ ಚೆಲ್ಲಿ ಕುಂತಾನ. ನಾ ಏನೂ ಮಾಡಿಲ್ಲ, ಅವ್ವ ಹೇಳಿದಂಗ ಉಣ್ಣೂ ಬಾಯಿಗೆ ಒಂದೀಟು ಅರಿಷಿಣ..."

ಟೀಚರು ತಂಗಿಯ ಕೈ ಹಿಡಿದು ನನ್ನ ಹತ್ತಿರ ಕರೆತಂದು ಮುಚ್ಚಳ ತೆರೆದರು. ದಾಕ್ಷಾಯಣಿ ನನ್ನ ಹಳದಿ ಬಾಯಿ ನೋಡಿದರು, ಅಕ್ಕನ ಹಳದಿ ಬೆರಳು ನೋಡಿದರು. ಮೊದಲು ಯಾರು ನಕ್ಕರೋ, ಯಾರು ಅತ್ತರೋ ಹೇಳಲಾರೆ. ಇಬ್ಬರೂ ನನ್ನ ಬಾನೆಟ್ಟಿನ ಮೇಲೆ ತಲೆಯಿಟ್ಟು ನಕ್ಕು ನಕ್ಕು ಅತ್ತರು. ಆಮೇಲೆ ಎಲೆ ಬದಲಾಯಿತು.

"ಬನ್ನಿ ತಗೊಂಡು ಬಂಗಾರದಂಗ ಇರೂಣು ಅಕ್ಕಾ. ಡಿಕ್ಕಿ ಮಾತು ನಾ ಆಡಬಾರದಿತ್ತು."

"ನಾನೂ ಆಡಬಾರದಿತ್ತು, ದಾಕ್ಷಿ. ಗಾಡಿ ನಡಸೂದು ನಾನ ಕಲಸ್ತೀನಿ ನಿನಗ. ಈ ಸಣ್ಣದರೊಳಗ ಕಲಿ, ಹೆದರಿಕಿ ಆಗೂದಿಲ್ಲ."

ಹಬ್ಬ ಮುಗಿಸಿ ಮೆಕ್ಯಾನಿಕ್ ಬಂದು ನಮ್ಮಿಬ್ಬರ ಬಾಯಿ ಚೊಕ್ಕ ಮಾಡಿದ. ದಾಕ್ಷಾಯಣಿ ಕಲಿತರು. ನನ್ನ ಎಡಬಾಗಿಲ ಮೇಲಿನ ಗೀರು ಅವರದೇ, ಮುರಿದ ತುಳಸಿ ಕಟ್ಟೆಯ ಮೂಲೆಯೂ ಅವರದೇ. ಮೂರನೇ ಪರೀಕ್ಷೆಯಲ್ಲಿ ಪಾಸಾದ ದಿನ ನನ್ನ ಸ್ಟೀರಿಂಗಿಗೇ ಪೇಡೆ ತಿನ್ನಿಸಲು ಬಂದರು.

ಈಗ ನನಗೆ ವಯಸ್ಸಾಯಿತು. ಬ್ಯಾಟರಿ ಸೊರಗಿ, ತುಂಬ ಉಂಡರೂ ಎಂಬತ್ತು ಕಿಲೋಮೀಟರಿಗೆ ಏದುಸಿರು. ಟೀಚರು ನಮ್ಮ ನಡುವಿನವನನ್ನು ಕೊಂಡರು. ಅವನನ್ನು ಹಿಡಿಸಲು ಮನೆಯ ಕಾಂಪೌಂಡು ಒಡೆಸಬೇಕಾಯಿತು. ನನ್ನನ್ನು ಮಾರಲು ಬಿಡದೆ ದಾಕ್ಷಾಯಣಿಯೇ ಗದಗಿಗೆ ಕರೆತಂದರು. ದಿನಾ ಪೇಟೆಗೆ ಹೋಗಿ ಬರುವುದು ನಾನೇ. ಅಷ್ಟು ದೊಡ್ಡದನ್ನು ನಡೆಸಲು ಅವರಿಗೆ ಇನ್ನೂ ಹೆದರಿಕೆ, ಹಾಗಾಗಿ ಡ್ರೈವರ್ ರಜೆ ಹಾಕಿದರೆ ದೊಡ್ಡಣ್ಣ ನಿಂತಲ್ಲೇ ನಿಂತು ಧೂಳು ತಿನ್ನುತ್ತಾನೆ, ಪಾಪ. ಈಗ ಅವನನ್ನು ಕಂಡರೆ ನನಗೆ ಪ್ರೀತಿಯೇ.

ಇವತ್ತು ಮತ್ತೆ ಬನ್ನಿಹಬ್ಬ. ನಿನ್ನೆಯ ಪೂಜೆಯಲ್ಲಿ ಅರಿಶಿನ ನಮ್ಮ ಮುಚ್ಚಳದ ಹೊರಗಷ್ಟೇ ಬಿದ್ದಿದೆ. ನನ್ನ ಮುಚ್ಚಳದೊಳಗಿನ ಒಂದು ಮೂಲೆಯಲ್ಲಿ ಹಳೆಯ ಹಳದಿ ಕಲೆ ಇನ್ನೂ ಇದೆ, ಅದನ್ನು ತಿಕ್ಕಲು ಅಕ್ಕತಂಗಿಯರು ಯಾರಿಗೂ ಬಿಟ್ಟಿಲ್ಲ. ಟೀಚರು ಈಗ ಬರುತ್ತಾರೆ, ಬಂದವರೇ ಮೊದಲು ಮುಚ್ಚಳ ತೆರೆದು ಅದನ್ನು ನೋಡುತ್ತಾರೆ. ಶೋರೂಮಿನ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ನೂರೆಪ್ಪತ್ತು ಎಂದು ಬರೆದಿದ್ದರು. ನಾನು ಓಡಬೇಕಾಗಿದ್ದದ್ದು ಐವತ್ತೆಂಟೇ.