ಮುತ್ತು ನೋಡುವ ಹಲ್ಲು

ಅಲಂಕಾರದವಳು ಹಲ್ಲಿಗೆ ಹತ್ತಿ ಸುತ್ತಿ, ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಜಗ್ಗಲಿಲ್ಲ.

"ಗಟ್ಟಿ ಇದೆ ಸಾರ್. ಇಕ್ಕಳ ಹಾಕ್ಬೇಕಾಗತ್ತೆ."

"ಹಾಕಿ," ಎಂದ ಮಗ. "ಜನ ಬರೋದ್ರೊಳಗೆ ಮುಗಿಸಿಬಿಡಿ."

ಅವನ ಕೈಯಲ್ಲಿ ಅಮ್ಮನಿಗೆಂದು ಮಾಡಿಸಿದ ಹಲ್ಲುಸೆಟ್ಟಿನ ಡಬ್ಬಿಯಿತ್ತು. ಒಮ್ಮೆಯೂ ಬಾಯಿಗೆ ಹೋಗದ ಸೆಟ್ಟು. ಅದು ಕೂರಬೇಕಾದರೆ ಮೇಲಿನ ಸಾಲಿನಲ್ಲಿ ಉಳಿದಿದ್ದ ಒಂದೇ ಒಂದು ಹಲ್ಲು ಜಾಗ ಬಿಡಬೇಕಿತ್ತು. ಅಮ್ಮ ಬಿಟ್ಟಿರಲಿಲ್ಲ. ಈಗ ನಡುಮನೆಯಲ್ಲಿ, ತೆರೆದ ಶವಪೆಟ್ಟಿಗೆಯೊಳಗೆ ಮಲಗಿದ್ದಾಗಲೂ ಅದು ಕೆಳತುಟಿಯ ಮೇಲೆ ಕೂತೇ ಇತ್ತು.

"ಯಾರ ಬಾಯಿಗೋ ಇಕ್ಕಳ?"

ಮಗಳು ಬಾಗಿಲಲ್ಲಿ ನಿಂತಿದ್ದಳು. ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದ ಮುಖ. ಬ್ಯಾಗು ಹೆಗಲಿನಿಂದ ಇಳಿದಿರಲಿಲ್ಲ.

"ಅಕ್ಕ, ಕೂತ್ಕೋ ಮೊದ್ಲು. ನೀರು ಕುಡಿ."

"ಕೇಳಿದ್ದಕ್ಕೆ ಹೇಳು."

"ಸೆಟ್ಟು ಹಾಕಿಸ್ತಾ ಇದೀನಿ. ಕೆನ್ನೆ ತುಂಬ್ಕೊಳತ್ತೆ. ಕೊನೇ ದಿನವಾದ್ರೂ ಎಲ್ಲರ ಅಮ್ಮಂದಿರ ತರ ಕಾಣ್ಲಿ."

"ಎಲ್ಲರ ಅಮ್ಮಂದಿರ ತರ ಇದ್ಳಾ ಅವಳು?"

ಅಲಂಕಾರದವಳು ಇಬ್ಬರ ಮುಖವನ್ನೂ ನೋಡಿದಳು. ಇಕ್ಕಳವನ್ನು ಟವೆಲಿನ ಮೇಲಿಟ್ಟು, ಪೌಡರಿನ ಡಬ್ಬಿ ಹುಡುಕುವವಳಂತೆ ತನ್ನ ಚೀಲದೊಳಗೆ ಬಗ್ಗಿದಳು.

*

ಅಮ್ಮ ಒಡವೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಮುತ್ತು ಬೇರೆ ಮಾಡುತ್ತಿದ್ದಳು. ಹಳೆಯ ಒಡವೆಗಳಿಂದ ಕಳಚಿದ್ದು, ಯಾರೋ ಮಾರಲು ತಂದದ್ದು, ಎಲ್ಲ ಬೆರೆತು ಬರುತ್ತಿತ್ತು. ಕಪ್ಪು ಬಟ್ಟೆ ಹಾಸಿ ಅದರ ಮೇಲೆ ಸುರಿದುಕೊಳ್ಳುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮಗಳು ಅಲ್ಲಿಗೇ ಬಂದು ಕೂರುತ್ತಿದ್ದಳು.

"ಬಣ್ಣ ನೋಡಿ ಮರುಳಾಗ್ಬೇಡ. ಕೆನ್ನೆಗೆ ಇಟ್ಕೋ. ತಣ್ಣಗಿದ್ಯಾ?"

"ಹೂಂ."

"ಹಾಗಾದ್ರೆ ಪ್ಲಾಸ್ಟಿಕ್ ಅಲ್ಲ. ಈಗ ಇದು ನೋಡು. ಅಕ್ಕಿಕಾಳಿನ ತರ ಉದ್ದ, ಮೈಮೇಲೆ ಸುಕ್ಕು. ಸಿಹಿನೀರಿಂದು. ಇದು ಗುಂಡಗೆ, ಹೊಳಪು ಒಳಗಿಂದ ಬರ್ತಿದೆ. ಕಡಲಿಂದು. ಮತ್ತೆ ಇವು?"

"ಇವೂ ಗುಂಡಗಿವೆ. ಎಲ್ಲಾ ಒಂದೇ ತರ."

"ಅದೇ ಅನುಮಾನ. ನೀನು, ನಿನ್ನ ತಮ್ಮ ಒಂದೇ ಹೊಟ್ಟೇಲಿ ಹುಟ್ಟಿದ್ರೂ ಒಂದೇ ತರ ಇದೀರಾ? ಇವು ಹೇಗೆ ಇರ್ತವೆ?" ಅಮ್ಮ ತೂತಿನ ಅಂಚನ್ನು ತೋರಿಸುತ್ತಿದ್ದಳು. ಅಲ್ಲಿ ಬಣ್ಣ ಸಿಪ್ಪೆಯೆದ್ದು ಒಳಗಿನ ಗಾಜು ಕಾಣುತ್ತಿತ್ತು.

ಕಣ್ಣು ಸೋತರೆ ಮಾತ್ರ ಹಲ್ಲು. ಮುತ್ತನ್ನು ಮುಂದಿನ ಹಲ್ಲಿನ ಅಂಚಿಗೆ ಹಗುರವಾಗಿ ಉಜ್ಜುವುದು. ನಿಜವಾದದ್ದು ಸಣ್ಣ ಮರಳಿನಂತೆ ತರಿತರಿ. ಗಾಜು ಸುಮ್ಮನೆ ಜಾರುತ್ತದೆ. ಬೀದಿಯವರೆಲ್ಲ ಅವಳನ್ನು ಹಲ್ಲಮ್ಮ ಎನ್ನುತ್ತಿದ್ದರು. ಆದರೆ ಗಿರಾಕಿಗಳು ಇದ್ದಾಗ ಅಂಗಡಿಯವರು ಅವಳನ್ನು ಹೊರಗೆ ಕರೆಯುತ್ತಿರಲಿಲ್ಲ. ನಕಲಿಯಾದರೆ ನಕಲಿ ಎಂದು ಅವಳು ಗಿರಾಕಿಯ ಎದುರೇ ಹೇಳಿಬಿಡುತ್ತಿದ್ದಳು.

*

ದಾರದಜ್ಜ ಬಂದರು. ಅಂಗಡಿಯ ಅದೇ ಕೋಣೆಯಲ್ಲಿ ಅಮ್ಮನ ಎದುರು ಕೂತು ಜೀವಮಾನವಿಡೀ ಸರ ಪೋಣಿಸಿದವರು. ಇಕ್ಕಳ ನೋಡಿದರು, ಡಬ್ಬಿ ನೋಡಿದರು, ಯಾರೂ ಹೇಳದೆಯೇ ವಿಷಯ ತಿಳಿದುಕೊಂಡರು.

"ಹಲ್ಲಿನ ಡಾಕ್ಟ್ರು ಸೂಜಿ ತರೋಕೆ ಆ ಕಡೆ ತಿರುಗಿದ್ರಂತೆ," ಎಂದರು ಅಲಂಕಾರದವಳಿಗೆ. "ಇವಳು ಕುರ್ಚಿಯಿಂದ ಇಳಿದು ಸೀದಾ ಅಂಗಡಿಗೇ ಬಂದ್ಳು. ಕೊರಳಿಗೆ ಕಟ್ಟಿದ್ದ ನೀಲಿ ಕಾಗದ ಹಾಗೇ ಇತ್ತು. ಅದನ್ನ ಕಟ್ಕೊಂಡೇ ಸಂಜೆ ತನಕ ಮುತ್ತು ಆರಿಸಿದ್ಳು. ಬಿಚ್ಚಮ್ಮಾ ಅಂದ್ರೆ, ಇರ್ಲಿ ಬಿಡಿ, ಚಹಾ ಚೆಲ್ಲಿದ್ರೆ ಅನುಕೂಲ ಅಂದ್ಳು."

ಮಗ ನಗಲಿಲ್ಲ. "ನಾನು ಹೊರಗೆ ಕೂತಿದ್ದೆ ಅಜ್ಜ. ರಜ ಹಾಕಿ ಕರ್ಕೊಂಡು ಹೋಗಿದ್ದೆ. ನಿಮ್ಮಮ್ಮ ಎಲ್ರೀ ಅಂತ ಡಾಕ್ಟ್ರು ನನ್ನನ್ನ ಕೇಳಿದ್ರು. ನಿಮಗೆಲ್ಲ ತಮಾಷೆ. ಅವಳು ದಿನಾ ಬ್ರೆಡ್ಡು ನೆನೆಸ್ಕೊಂಡು ನುಂಗೋದನ್ನ ನೋಡಿದವನು ನಾನು."

ಅದು ನಿಜವಾಗಿತ್ತು.

"ಸೆಟ್ಟಿನ ಹಲ್ಲಿಗೆ ಮುತ್ತು, ಗಾಜು ಏನೂ ಗೊತ್ತಾಗಲ್ಲ ಅಂತಿದ್ಳು," ಎಂದಳು ಮಗಳು.

"ನೀನು ಹೇಳ್ತೀಯಾ ಈ ಮಾತು? ಆ ಹಲ್ಲಿಂದ ನಿನಗಾದಷ್ಟು ಅನ್ಯಾಯ ಯಾರಿಗೂ ಆಗಿಲ್ಲ. ನೀನೇ ಅದರ ಪರ ನಿಂತ್ರೆ ಹೇಗಕ್ಕ?"

*

ಮಗಳ ಮದುವೆಯ ಹಿಂದಿನ ದಿನ ಅವಳ ಅತ್ತೆಯಾಗುವವರು ತಮ್ಮ ಮುತ್ತಿನ ಸರ ತಂದು ಅವಳ ಕೊರಳಿಗೆ ಹಾಕಿದ್ದರು. ಮನೆ ತುಂಬ ಜನ. ಅಮ್ಮ ಕೊಂಡಿ ಸರಿಮಾಡಲು ಹಿಂದೆ ಹೋದವಳು, ಬಗ್ಗಿ, ಕೊಂಡಿಯ ಪಕ್ಕದ ಮಣಿಯನ್ನು ಹಲ್ಲಿಗೆ ಹಚ್ಚಿದಳು. ಅಭ್ಯಾಸ.

"ಗಾಜು," ಎಂದಳು.

ಅತ್ತೆಯಾಗುವವರ ಮುಖ ಸಣ್ಣದಾಯಿತು. ಮಗಳು ಸರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಗಾಜಾದ್ರೆ ಗಾಜೇ ಸೈ. ನಾನು ಇದನ್ನೇ ಹಾಕ್ಕೋತೀನಿ."

ಅಮ್ಮನ ಮನೆಗೆ ಬಂದಾಗಲೆಲ್ಲ ಅದನ್ನೇ ಹಾಕಿಕೊಂಡು ಬಂದಳು. ಬರುವುದೂ ಕಡಿಮೆಯಾಯಿತು.

ಎಷ್ಟೋ ವರ್ಷದ ಮೇಲೆ ದಾರ ಹರಿದಾಗ ದಾರದಜ್ಜ ಕಂಡುಹಿಡಿದರು. ಕೊಂಡಿಯ ಆಚೀಚಿನ ಕೆಲವು ಮಣಿ ಮಾತ್ರ ಗಾಜು, ಯಾವಾಗಲೋ ಕಳೆದುಹೋದವುಗಳ ಬದಲಿಗೆ ಸೇರಿಸಿದ್ದು. ಮಿಕ್ಕಿದ್ದೆಲ್ಲ ಅಪ್ಪಟ ಕಡಲ ಮುತ್ತು. ಆ ಗಾಜನ್ನೂ ಬಿಡದೆ ಪೋಣಿಸಿಕೊಡಿ ಎಂದಳು ಮಗಳು. ಸರವನ್ನು ತಂದು ಅಮ್ಮನ ಮುಂದಿಟ್ಟಳು. ಆ ಹೊತ್ತಿಗೆ ಮೇಲಿನ ಸಾಲಿನಲ್ಲಿ ಒಂದೇ ಹಲ್ಲು ಉಳಿದಿತ್ತು.

"ನಡುವಿಂದು ಹಚ್ಚಿ ನೋಡು."

"ಯಾಕೆ?"

"ನೋಡು ಅಂದ್ರೆ ನೋಡು."

"ಅವತ್ತು ನಾನು ಹಚ್ಚಿದ್ದು ಗಾಜು. ಗಾಜು ಅಂದೆ. ತಪ್ಪೇನು?"

"ಒಂದು ಮಣಿ ಹಚ್ಚಿ ಇಡೀ ಸರದ ಮಾನ ಕಳೆದೆ. ಅವರ ಮಾನಾನೂ ಕಳೆದೆ. ತಪ್ಪಾಯ್ತು ಅನ್ನು, ಸಾಕು."

ಅಮ್ಮ ಸರವನ್ನು ಎತ್ತಿಕೊಂಡಳು. ಬಾಯಿಯ ತನಕ ಒಯ್ದಳು. ಮಗಳ ಮುಖ ನೋಡಿದಳು. ಮತ್ತೆ ಮೇಜಿನ ಮೇಲಿಟ್ಟಳು.

"ಹಚ್ಚಲ್ಲ ಹೋಗೇ," ಎಂದಳು.

*

"ಜಗಳ ನನ್ದು, ಅವಳ್ದು," ಎಂದಳು ಮಗಳು. "ಇನ್ನೂ ಮುಗಿದಿಲ್ಲ. ನಡುವೆ ಬಂದು ಅವಳ ಹಲ್ಲು ಕೀಳೋಕೆ ನಾನು ಬಿಡಲ್ಲ."

"ಸತ್ತವರ ಜೊತೆ ಎಂಥಾ ಜಗಳ ಅಕ್ಕ?"

"ಇನ್ಯಾರಿದಾರೆ ನನ್ನ ಜೊತೆ ಅಷ್ಟು ಚೆನ್ನಾಗಿ ಜಗಳ ಆಡೋರು?"

ಬ್ಯಾಗು ಕೆಳಗಿಟ್ಟು ಅವಳು ಅಮ್ಮನ ಬಾಯಿಯ ಮೇಲೆ ಅಂಗೈ ಇಟ್ಟಳು. ತುಟಿ ತಣ್ಣಗಿತ್ತು. ಹಲ್ಲಿನ ತುದಿ ಅಂಗೈಗೆ ಒತ್ತುತ್ತಿತ್ತು. ಅವಳು ಕೈ ತೆಗೆಯಲಿಲ್ಲ.

"ಮನೆಯವರು ಒಂದು ಮಾತಿಗೆ ಬರದೆ ನಾನು ಮುಟ್ಟಲ್ಲ ಸಾರ್," ಎಂದು ಅಲಂಕಾರದವಳು ಇಕ್ಕಳವನ್ನು ಚೀಲಕ್ಕೆ ಹಾಕಿದಳು.

"ಹಾಗಾದ್ರೆ ಪೆಟ್ಟಿಗೆ ಮುಚ್ಚಿಬಿಡೋಣ," ಎಂದ ಮಗ. "ಯಾರೂ ನೋಡೋದೇ ಬೇಡ."

"ಮುಚ್ಚಲ್ಲ."

"ನಗ್ತಾರೆ ಅಕ್ಕ."

"ನಗ್ಲಿ. ಅವಳೆದುರು ನಿಂತು ನಗೋ ಧೈರ್ಯ ಇದ್ದೋರು ನಗ್ಲಿ."

ಜನ ಬಂದರು, ಸಾಲಾಗಿ ನಿಂತರು. ಯಾರೂ ನಗಲಿಲ್ಲ. ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡು, "ಪಾಪ, ನಿದ್ದೆ ಮಾಡ್ತಿರೋ ಹಾಗಿದಾರೆ," ಎಂದಳು.

"ನಿದ್ದೆ ಎಲ್ಲಿಂದ ಬಂತಮ್ಮ," ಎಂದರು ದಾರದಜ್ಜ. "ಏನೋ ಹೇಳೋಕೆ ಹೊರಟಿರೋ ಹಾಗಿದಾಳೆ."

ವ್ಯಾನಿನ ಎರಡೂ ಬದಿಗೆ ಉದ್ದನೆಯ ಕಿಟಕಿ, ಬೂದು ಪರದೆ. ಪೆಟ್ಟಿಗೆಯ ಒಂದು ಬದಿಗೆ ಮಗಳು, ಇನ್ನೊಂದು ಬದಿಗೆ ಮಗ ಕೂತರು.

"ಅಂಗಡಿ ಬೀದಿ ಬೇಡ," ಎಂದ ಮಗ ಡ್ರೈವರಿಗೆ. "ಸುತ್ತಿಕೊಂಡು ಹೋಗಿ."

"ಆ ಬೀದೀಲೇ ಹೋಗಿ," ಎಂದಳು ಮಗಳು. "ನಿಧಾನಕ್ಕೆ."

ಅವಳು ತನ್ನ ಶಾಲು ಮಡಿಸಿ ಅಮ್ಮನ ತಲೆಯಡಿ ತುರುಕಿದಳು. ಮುಖ ಕಿಟಕಿಯ ಮಟ್ಟಕ್ಕೆ ಬಂತು. ಎರಡೂ ಬದಿಯ ಪರದೆಯನ್ನು ಪೂರ್ತಿ ಸರಿಸಿದಳು. ಡ್ರೈವರು ಕನ್ನಡಿಯಲ್ಲಿ ಮಗನ ಕಡೆ ನೋಡಿದ. ಮಗ ಅಕ್ಕನನ್ನೂ ಅಮ್ಮನನ್ನೂ ನೋಡುತ್ತ ಕೂತಿದ್ದ. ಆಮೇಲೆ, ಕಿಟಕಿಗೆ ಅಡ್ಡವಾಗಿದ್ದ ತನ್ನ ಹೆಗಲನ್ನು ಪಕ್ಕಕ್ಕೆ ಎಳೆದುಕೊಂಡ. "ಆ ಬೀದೀಲೇ ಹೋಗಿ," ಎಂದ.

ವ್ಯಾನು ತಿರುಗಿತು. ಅಂಗಡಿಗಳ ದೀಪ ಆಗಲೇ ಹೊತ್ತಿತ್ತು. ಮೂಲೆಯ ಅಂಗಡಿಯವನು ಗಿರಾಕಿಯೊಬ್ಬಳ ಕೊರಳಿಗೆ ಮುತ್ತಿನ ಸರ ಹಿಡಿದು ನಗುನಗುತ್ತ ಏನೋ ಹೇಳುತ್ತಿದ್ದ. ತಲೆಯೆತ್ತಿದ. ಗಾಜಿನಾಚೆ ಹಲ್ಲಮ್ಮ ಹಾದುಹೋಗುತ್ತಿದ್ದಳು, ಬಾಯಿ ಅರೆತೆರೆದು. ಅವನ ಕೈ ತಾನಾಗಿಯೇ ಹಿಂದಕ್ಕೆ ಬಂತು. ಸರವನ್ನು ಮುಷ್ಟಿಯೊಳಗೆ ಎಳೆದುಕೊಂಡು, ಮೇಜಿನ ಕೆಳಗೆ ಇಟ್ಟುಕೊಂಡ. ವ್ಯಾನು ದಾಟಿಹೋಗುವ ತನಕ ಹೊರಗೆ ತೆಗೆಯಲಿಲ್ಲ.