ಹನಿ ಇಳಿಯದ ನೆಲ

ಹನಿ ಮೇಸ್ತ್ರಿ ಅಂದರೆ ಒಂದು ಕಾಲದಲ್ಲಿ ಊರಿಗೇ ಗೊತ್ತಿದ್ದ ಮನುಷ್ಯ. ಅವನು ಸಿಮೆಂಟ್ ನೆಲ ಹಾಕಿದನೆಂದರೆ ಮುಗಿಯಿತು, ಮೇಲೆ ಕೊಡಗಟ್ಟಲೆ ನೀರು ಸುರಿದರೂ ಕೆಳಗೆ ಜಿನುಗುತ್ತಿರಲಿಲ್ಲ. ಕೆಲಸ ಮುಗಿದ ದಿನ ತಾನೇ ಒಂದು ಬಕೆಟ್ ನೀರು ಹೊಯ್ದು, ಸೊಂಟದ ಮೇಲೆ ಕೈಯಿಟ್ಟು, "ನೋಡ್ಕೊಳ್ಳಿ, ಒಂದ್ ಹನಿ ಇಳಿದ್ರೆ ನನ್ ಹೆಸರು ಬದಲಾಯಿಸಿ" ಎನ್ನುತ್ತಿದ್ದ. ಹನಿ ಎಂದೂ ಇಳಿಯಲಿಲ್ಲ, ಹೆಸರು ಮಾತ್ರ ಬದಲಾಯಿತು. ಅದೇ ಮಾತು ಕೇಳಿ ಕೇಳಿ ಸಾಕಾದ ಜನ ಅವನನ್ನು ಹನಿ ಮೇಸ್ತ್ರಿ ಎಂದೇ ಕರೆದರು. ಅವನ ಕೈಕೆಳಗೆ ಬೈಸಿಕೊಂಡು ಕೆಲಸ ಕಲಿತ ತಮ್ಮ, ಚಿಕ್ಕ ಮೇಸ್ತ್ರಿಯಾದ.

ಈಗ ಹನಿ ಮೇಸ್ತ್ರಿಗೆ ಮರೆವು. ಕನ್ನಡಕ ಎಲ್ಲಿಟ್ಟೆ ಅನ್ನುವಂಥ ಮರೆವಾಗಿದ್ದರೆ ಯಾರು ಅಳುತ್ತಿದ್ದರು? ಉಂಡು ಕೈ ತೊಳೆದವನೇ ಊಟ ಯಾವಾಗ ಎಂದು ಕೇಳುತ್ತಾನೆ. ಕೆಲವು ದಿನ ಕಟ್ಟಿಕೊಂಡ ಹೆಂಡತಿಯನ್ನೇ ನಿಲ್ಲಿಸಿ, "ಯಾರ್ ಬೇಕಿತ್ತಮ್ಮಾ?" ಎಂದು ಮರ್ಯಾದೆಯಿಂದ ವಿಚಾರಿಸುತ್ತಾನೆ. ಆಕೆ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ಒಲೆ ಉರಿಯುವುದಿಲ್ಲ. ಹಾಗೆ ಒಬ್ಬನನ್ನೇ ಬಿಟ್ಟು ಹೋದ ಒಂದು ದಿನ ಅವನು ರೈಲು ಹಳಿಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಕರಣೆಯಿಂದ ಜಲ್ಲಿ ಸಮ ಮಾಡುತ್ತಿದ್ದ. ಹಳಿ ಕಾಯುವವನು ರಟ್ಟೆ ಹಿಡಿದು ಎಳೆದುಕೊಂಡದ್ದಕ್ಕೆ ಜೀವ ಉಳಿಯಿತು. "ಕೆಲಸ ಕೆಡಿಸ್ತಿಯೇನೋ" ಎಂದು ಹನಿ ಮೇಸ್ತ್ರಿ ಅವನಿಗೇ ಬೈದನಂತೆ.

ಅವತ್ತು ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. "ಇನ್ನು ಹೊರಗಿಂದ ಬೀಗ ಹಾಕ್ಕೊಂಡ್ ಹೋಗೋದೇ ದಾರಿ ಕಣಪ್ಪಾ. ಎದೆ ಒಡೆಯುತ್ತೆ. ಏನ್ ಮಾಡ್ಲಿ?"

"ಬೀಗ ಹಾಕೋಕೆ ಅವನೇನ್ ಪೆಟ್ಟಿಗೇನಾ ಅತ್ತಿಗೆ?" ಎಂದ ಚಿಕ್ಕ ಮೇಸ್ತ್ರಿ. ಅವನಿಗೆ ಹೆಂಡತಿ ಮಕ್ಕಳಿಲ್ಲ, ಅಪ್ಪ ಅಂದರೂ ಅಣ್ಣನೇ. "ನಾನ್ ಕರ್ಕೊಂಡ್ ಹೋಗ್ತೀನಿ. ಕೆಲಸದ ಜಾಗದಲ್ಲಿ ನನ್ ಕಣ್ಮುಂದೆ ಇರ್ತಾನೆ."

"ಎಷ್ಟ್ ದಿನ ಅಂತ?"

"ನಡೆದಷ್ಟು ದಿನ."

ಹಾಗೆ ಶುರುವಾಯಿತು. ಬೆಳಿಗ್ಗೆ ತಮ್ಮ ಬರುವಷ್ಟರಲ್ಲಿ ಅಣ್ಣ ಕರಣೆ, ಮಟ್ಟ ನೋಡುವ ರಸಮಟ್ಟ, ದಾರದುಂಡೆ ತುಂಬಿದ ಚೀಲ ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತಿರುತ್ತಿದ್ದ. ಹೆಂಡತಿ ಯಾರೆಂದು ತಿಳಿಯದ ದಿನವೂ ಚೀಲ ಮರೆತವನಲ್ಲ. ಕೆಲಸದ ಜಾಗ ಮುಟ್ಟಿದರೆ ಸಾಕು, ಮುಖಕ್ಕೆ ಕಳೆ ಬರುತ್ತಿತ್ತು. ಅದನ್ನು ನೋಡಿ, ಇಷ್ಟಾದರೂ ಉಳಿದಿದೆಯಲ್ಲ ಎಂದು ಚಿಕ್ಕ ಮೇಸ್ತ್ರಿ ಸಮಾಧಾನ ಪಡುತ್ತಿದ್ದ.

ಕೆಲಸ ಸಿಕ್ಕಿದ್ದು ಕಣ್ಣಿನ ಆಸ್ಪತ್ರೆಯಲ್ಲಿ. ಮುಂದೆ ಕಾಲುದಾರಿ, ಹಿಂದೆ ರೋಗಿಗಳು ಕೂರುವ ಅಂಗಳ, ಎಲ್ಲ ಹಳೆಯ ಸಿಮೆಂಟ್ ನೆಲ. ಮಳೆ ಬಂದರೆ ನೀರು ಹೋಗಲು ಜಾಗವಿಲ್ಲದೆ ಮಡುಗಟ್ಟಿ ನಿಲ್ಲುತ್ತಿತ್ತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದವರು ಅದರಲ್ಲೇ ಕಾಲಿಟ್ಟು ಜಾರುತ್ತಿದ್ದರು. ಹಿತ್ತಲ ಬಾವಿಯೋ ಒಣಗಿ ಬಾಯಿ ಬಿಟ್ಟಿತ್ತು. ನೀರು ಇಂಗುವ ನೆಲ ಬೇಕು ಎಂದರು ಡಾಕ್ಟರಮ್ಮ. ಅಂಥ ನೆಲದಲ್ಲಿ ಕಲ್ಲು ಕಲ್ಲಿನ ನಡುವೆ ಸಂದು ಬಿಟ್ಟು, ಆ ಸಂದಿಗೆ ಸಣ್ಣ ಜಲ್ಲಿಯನ್ನಷ್ಟೇ ತುಂಬಬೇಕು. ನೀರು ಅದರೊಳಗಿಂದ ಇಳಿದು, ಅಡಿಯ ದಪ್ಪ ಜಲ್ಲಿಯ ಹಾಸು ದಾಟಿ ಮಣ್ಣು ಸೇರುತ್ತದೆ. ಸಂದಿಗೆ ಸಿಮೆಂಟ್ ಸೋಕಿಸಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

"ನಿಮ್ಮಣ್ಣ ಇಲ್ಲಿರೋದಕ್ಕೆ ನನ್ನ ಅಡ್ಡಿ ಏನಿಲ್ಲ" ಎಂದಿದ್ದರು ಡಾಕ್ಟರಮ್ಮ. "ಆದ್ರೆ ಕಣ್ಣು ಕಾಣದವರು ಓಡಾಡೋ ಜಾಗ ಇದು. ಏನಾದ್ರೂ ಎಡವಟ್ಟಾದ್ರೆ ಮತ್ತೆ ಕರ್ಕೊಂಡ್ ಬರೋ ಹಾಗಿಲ್ಲ, ಈಗ್ಲೇ ಹೇಳಿದ್ದೀನಿ."

"ಆಗಲ್ಲ ಡಾಕ್ಟರಮ್ಮ, ನಾನಿದ್ದೀನಲ್ಲ" ಎಂದು ಚಿಕ್ಕ ಮೇಸ್ತ್ರಿ ಧೈರ್ಯವಾಗಿ ಹೇಳಿಬಿಟ್ಟ. ನಾಲಿಗೆಗೆ ಎಲುಬಿಲ್ಲ ನೋಡಿ.

ಆ ಹಳೆಯ ನೆಲ ಯಾರ ಕೈಕೆಲಸ ಎನ್ನುವುದು ಅವನೊಬ್ಬನಿಗೇ ಗೊತ್ತಿತ್ತು. ಅಣ್ಣ ಒಳ್ಳೆ ಪ್ರಾಯದಲ್ಲಿದ್ದಾಗ ಹಾಕಿದ ನೆಲ ಅದು. ಸಿಮೆಂಟ್ ಕಲಸಿ ಕೊಟ್ಟವನು ತಾನೇ. ಒಡೆಯುವ ದಿನ ಹಾರೆ ಬಿದ್ದಲ್ಲೆಲ್ಲ ಟಣ್ ಎನ್ನುತ್ತಿತ್ತೇ ಹೊರತು ಬಿರುಕು ಬಿಡಲಿಲ್ಲ. ಹನಿ ಮೇಸ್ತ್ರಿ ಪಕ್ಕದಲ್ಲಿ ಕೂತು ನೊಂದುಕೊಂಡ. "ಯಾವನೋ ಪುಣ್ಯಾತ್ಮ ಎಷ್ಟ್ ಚೆನ್ನಾಗ್ ಹಾಕಿದಾನೆ. ಒಡೆಯೋಕೆ ನಿಂಗ್ ಕೈಯಾದ್ರೂ ಹೇಗ್ ಬರುತ್ತೋ? ಅವನಿಗ್ ಗೊತ್ತಾದ್ರೆ ಹೊಟ್ಟೆ ಉರ್ಕೊಳ್ಳಲ್ವಾ?"

"ಅವನಿಗ್ ಗೊತ್ತಾಗಲ್ಲ ಬಿಡಣ್ಣ" ಎಂದ ಚಿಕ್ಕ ಮೇಸ್ತ್ರಿ. ಹೇಳಿದ ಮೇಲೆ ಹಾರೆ ಎತ್ತಲು ಕೈ ಬರದೆ, ನೀರು ಕುಡಿಯುವ ನೆಪದಲ್ಲಿ ಸ್ವಲ್ಪ ಹೊತ್ತು ಗೋಡೆಯ ಆಚೆ ಹೋಗಿ ನಿಂತ.

ಹೊಸ ನೆಲ ಚೆನ್ನಾಗಿಯೇ ಬಂತು. ಅಂಚಿನ ಕಲ್ಲುಗಳನ್ನು ಮಾತ್ರ ಸಿಮೆಂಟಿನಲ್ಲಿ ಕೂರಿಸಿ, ಒಳಗೆಲ್ಲ ಬರೀ ಕಲ್ಲು ಜೋಡಿಸಿದ್ದಾಯಿತು. ಕೊನೆಯ ದಿನ ಅಂಗಳದ ಸಂದುಗಳಿಗೆ ಸಣ್ಣ ಜಲ್ಲಿ ತುಂಬುವುದಷ್ಟೇ ಬಾಕಿ. ಅಣ್ಣನ ಕೈಗೆ ಪೊರಕೆ ಕೊಟ್ಟು, ಜಲ್ಲಿ ಗುಡಿಸಿ ಗುಡಿಸಿ ಸಂದಿಗೆ ಇಳಿಸಲು ತೋರಿಸಿದ.

"ಹಲ್ಲುಸಂದಿಗೆ ಕಡ್ಡಿ ಸಿಕ್ಕಿದ ಹಾಗಿದೆ, ಇದೂ ಒಂದ್ ಕೆಲಸಾನಾ?" ಎಂದು ಅಣ್ಣ ಗೊಣಗಿದರೂ ಗುಡಿಸತೊಡಗಿದ.

ಅಷ್ಟರಲ್ಲಿ ಉಳಿದ ಜಲ್ಲಿ ತಂದ ಗಾಡಿ ಗೇಟಿನ ಮೋರಿಗೆ ಚಕ್ರ ಸಿಕ್ಕಿಸಿಕೊಂಡಿತು. ಚಾಲಕ ಬೊಬ್ಬೆ ಹಾಕಿದ. ಚಿಕ್ಕ ಮೇಸ್ತ್ರಿ ಅಣ್ಣನ ಕಡೆ ನೋಡಿದ. ಮಗುವಿನ ಹಾಗೆ ತಲೆ ತಗ್ಗಿಸಿ ಗುಡಿಸುತ್ತಿದ್ದಾನೆ, ಪಾಪ, ಇವನಿಂದ ಏನಾದೀತು ಅನ್ನಿಸಿತು. ಗಾಡಿ ಎತ್ತಿಸಲು ಹೋದ. ಅಂಚಿನ ಕೆಲಸದಲ್ಲಿ ಉಳಿದ ಸಿಮೆಂಟಿನ ಚೀಲಗಳು ನಲ್ಲಿಯ ಪಕ್ಕದಲ್ಲೇ ಇದ್ದದ್ದು ಅವನಿಗೆ ಹೊಳೆಯಲೇ ಇಲ್ಲ. ಮೋರಿಗೆ ಹಲಗೆ ಕೊಟ್ಟು, ಬೈಗುಳ ತಿಂದು, ಎರಡು ತಾಸು ಒದ್ದಾಡಿ, ಗಾಡಿ ಒಳಗೆ ತಂದು ಅವನು ಅಂಗಳಕ್ಕೆ ಬರುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿ ಹೋಗಿತ್ತು.

ಅಂಗಳವೆಲ್ಲ ಬೂದುಬಣ್ಣ. ಹನಿ ಮೇಸ್ತ್ರಿ ಬಾಂಡ್ಲಿಯಲ್ಲಿ ಸಿಮೆಂಟ್ ಹಾಲು ಕಲಸಿ, ಒಂದು ಸಂದು ಬಿಡದೆ ಹೊಯ್ದು, ಮೇಲೆ ಕರಣೆ ಎಳೆದು ನುಣ್ಣಗೆ ಮಾಡಿದ್ದ. ಬಿಸಿಲಿಗೆ ಅದು ಆಗಲೇ ಹಿಡಿಯತೊಡಗಿತ್ತು. ಅವನ ಹಣೆಯ ಮೇಲೆ ಬೆವರು, ತುಟಿಯ ಮೇಲೆ ನಗು. ಎಷ್ಟೋ ದಿನದಿಂದ ಕಾಣದಿದ್ದ ನಗು ಅದು, ಹಾಳಾದ್ದು ಈಗಲೇ ಬರಬೇಕಿತ್ತೆ?

ಚಿಕ್ಕ ಮೇಸ್ತ್ರಿ ನಲ್ಲಿಯ ಕಡೆ ಓಡಿದ. ಪೈಪಿಗೆ ಕೈ ಹಾಕಿದವನು ಹಾಗೆಯೇ ಕೈ ಬಿಟ್ಟ. ತೊಳೆದರೆ ಸಿಮೆಂಟ್ ಹಾಲು ಇನ್ನೂ ಕೆಳಗಿಳಿದು ಅಡಿಯ ಜಲ್ಲಿಯನ್ನೂ ಕಚ್ಚಿಕೊಳ್ಳುತ್ತದೆ. ಬಿಟ್ಟರೆ ಇಲ್ಲೇ ಕಲ್ಲಾಗುತ್ತದೆ. ಕಿತ್ತು ಎಸೆಯುವುದೊಂದೇ ಉಳಿದದ್ದು.

"ಬಂದ್ಯಾ?" ಎಂದ ಅಣ್ಣ. "ಸಂದು ಹಾಗೇ ಬಿಟ್ಟು ಹೋಗಿದ್ಯಲ್ಲೋ ಸೋಮಾರಿ. ಎಲ್ಲಾ ಮುಚ್ಚಿದೀನಿ ನೋಡು."

ಅದೇ ಹೊತ್ತಿಗೆ ಡಾಕ್ಟರಮ್ಮ ಹಿಂಬಾಗಿಲಿಂದ ಹೊರಗೆ ಬಂದರು. ಗ್ರಹಚಾರ ಕೆಟ್ಟರೆ ಹಗ್ಗವೂ ಹಾವಾಗುತ್ತದಂತೆ. ಹೊಸ ನೆಲ ನೀರು ಕುಡಿಯುವುದನ್ನು ನೋಡಬೇಕೆಂದು ಅವರ ಕೈಯಲ್ಲಿ ತುಂಬಿದ ಬಕೆಟ್ ಇತ್ತು. ತಡೆಯಲು ಬಾಯಿ ತೆರೆಯುವಷ್ಟರಲ್ಲಿ ಹೊಯ್ದೇಬಿಟ್ಟರು. ನೀರು ಕಲ್ಲಿನ ಮೇಲೆ ಅಗಲವಾಗಿ ಹರಡಿ, ಅಂಚಿಗೆ ಹೋಗಿ ಮುಟ್ಟಿ, ಅಲ್ಲೇ ನಿಂತಿತು.

ಹನಿ ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟ. "ನೋಡ್ಕೊಳ್ಳಿ ತಾಯಿ, ಒಂದ್ ಹನಿ ಇಳಿದ್ರೆ ನನ್ ಹೆಸರು ಬದಲಾಯಿಸಿ!"

ಡಾಕ್ಟರಮ್ಮ ನೆಲ ನೋಡಿದರು, ಆಮೇಲೆ ಚಿಕ್ಕ ಮೇಸ್ತ್ರಿಯನ್ನು ನೋಡಿದರು. "ಏನಿದು?"

"ನನ್ ತಪ್ಪು ಡಾಕ್ಟರಮ್ಮ" ಎಂದ ಚಿಕ್ಕ ಮೇಸ್ತ್ರಿ. "ಅಭ್ಯಾಸಬಲದಿಂದ ನಾನೇ ಸಿಮೆಂಟ್ ಹೊಯ್ದ್ಬಿಟ್ಟೆ. ಎಲ್ಲಾ ಕಿತ್ತು ಮತ್ತೆ ಹಾಕ್ಕೊಡ್ತೀನಿ. ಅಣ್ಣನ್ದೇನಿಲ್ಲ, ಅವನು ಸುಮ್ನೆ ಕೂತಿದ್ದ."

"ಥೂ ನಿನ್ನ!" ಹನಿ ಮೇಸ್ತ್ರಿಗೆ ಕೋಪ ನೆತ್ತಿಗೇರಿತು. ಕರಣೆ ಹಿಡಿದ ಕೈ ಮುಂದೆ ಚಾಚಿದ, ಮೊಣಕೈವರೆಗೂ ಸಿಮೆಂಟ್ ಮೆತ್ತಿತ್ತು. "ಇವನೆಲ್ಲಿ ಮಾಡ್ದ ತಾಯಿ? ಗೇಟಿನ ಹತ್ರ ಹರಟೆ ಹೊಡೀತಿದ್ದ. ನಾನೊಬ್ನೇ ಮಾಡಿದ್ದು. ಮಾಡಿದೋನ್ ಹೆಸರು ಕದಿಯೋಕ್ ಬರ್ತಾನೆ, ಒಡಹುಟ್ಟಿದೋನು!"

ಅಣ್ಣನನ್ನು ಉಳಿಸಿಕೊಳ್ಳಲು ಹೇಳಿದ ಒಂದೇ ಒಂದು ಸುಳ್ಳು, ಅದನ್ನೂ ಅಣ್ಣನೇ ಕಿತ್ತುಕೊಂಡಿದ್ದ.

ಡಾಕ್ಟರಮ್ಮ ರೇಗಲಿಲ್ಲ. ರೇಗಿದ್ದರೆ ಕಾಲು ಹಿಡಿಯಬಹುದಿತ್ತು. "ಚೆನ್ನಾಗಿದೆ ಮೇಸ್ತ್ರಿ" ಎಂದು ಅಣ್ಣನಿಗೆ ಮೆಲ್ಲಗೆ ಹೇಳಿ, ತಮ್ಮನನ್ನು ಬದಿಗೆ ಕರೆದರು. "ಕೆಲಸ ನೀವು ಮುಂದುವರಿಸಿ. ನಾಳೆಯಿಂದ ಅವರನ್ನ ಕರ್ಕೊಂಡ್ ಬರಬೇಡಿ. ಇವತ್ತು ಸಿಮೆಂಟ್ ಆಯ್ತು, ನಾಳೆ ದಾರೀಲಿ ಹಾರೆ ಇಟ್ಟು ಮರೆತ್ರೆ? ನಿಮಗೇ ಗೊತ್ತು." ಗೊತ್ತಿತ್ತು. ಗೊತ್ತಿದ್ದದ್ದೇ ಅವನ ಸಂಕಟ.

ಸಂಜೆ ಚಿಕ್ಕ ಮೇಸ್ತ್ರಿ ಅಣ್ಣನನ್ನು ಮನೆಗೆ ಕರೆತಂದು, ಬಚ್ಚಲಲ್ಲಿ ಕೂರಿಸಿ, ಕೈಗೆ ಮೆತ್ತಿದ ಸಿಮೆಂಟ್ ತೊಳೆದ. ಅಣ್ಣ ಆಗಲೇ ಎಲ್ಲ ಮರೆತಿದ್ದ. ಅತ್ತಿಗೆಗೆ ವಿಷಯ ಹೇಳಿದಾಗ ಆಕೆ ಎದ್ದಳು. ಬೀರು ತೆಗೆದು, ಮಡಿಸಿದ ಬಟ್ಟೆಗಳ ಅಡಿಯಿಂದ ಹೊಸ ಬೀಗವೊಂದನ್ನು ತಂದು ಅವನ ಮುಂದಿಟ್ಟಳು. ರೈಲು ಹಳಿಯಲ್ಲಿ ಸಿಕ್ಕ ದಿನವೇ ತಂದಿಟ್ಟಿದ್ದಳಂತೆ.

"ನಂಗೊತ್ತಿತ್ತು" ಎಂದಳು. "ನಿನ್ ಮುಂದೆ ಹೇಳೋಕ್ ಮನಸ್ಸು ಬರ್ಲಿಲ್ಲ."

ಮರುದಿನ ಬೆಳಿಗ್ಗೆ ಚಿಕ್ಕ ಮೇಸ್ತ್ರಿ ಬೇರೆ ದಾರಿಯಲ್ಲಿ ಹೋಗಬಹುದಿತ್ತು. ಕಾಲು ಕೇಳಲಿಲ್ಲ, ಅಣ್ಣನ ಮನೆ ಮುಂದೆಯೇ ಬಂತು. ಅತ್ತಿಗೆ ಲಾಂಡ್ರಿಗೆ ಹೋಗಿಯಾಗಿತ್ತು. ಬಾಗಿಲಿಗೆ ಬೀಗ ಬಿದ್ದಿತ್ತು. ಪಕ್ಕದ ಕಿಟಕಿಯ ಸರಳಿನ ಹಿಂದೆ ಅಣ್ಣ ನಿಂತಿದ್ದ, ಹೆಗಲಿಗೆ ಕರಣೆಯ ಚೀಲ.

"ಬಂದ್ಯಾ, ಒಳ್ಳೇದಾಯ್ತು" ಎಂದ. ಬೈಗುಳವಿಲ್ಲ, ಮುನಿಸಿಲ್ಲ. "ಬಾಗ್ಲು ಉಬ್ಬಿಕೊಂಡಿದೆ ಕಣೋ. ಆಗ್ಲಿಂದ ಎಳೀತಿದೀನಿ, ಬರ್ತಾನೇ ಇಲ್ಲ. ಯಾರೋ ಕೆಲಸ ಬರದೇ ಇರೋನು ಕೂರಿಸಿದಾನೆ."

ಚಿಕ್ಕ ಮೇಸ್ತ್ರಿ ಸರಳು ಹಿಡಿದುಕೊಂಡ.

"ನೀನ್ ಹೋಗಿ ಕೆಲಸ ಶುರು ಮಾಡು, ಹೊತ್ತಾಗುತ್ತೆ" ಎಂದ ಅಣ್ಣ. "ಸಂಜೆ ಬರೋವಾಗ ಬಾಗ್ಲು ಹೆರೆಯೋಕೆ ಉಜ್ಜುಗೊರಡು ತಗೊಂಡ್ ಬಾ. ಇಬ್ರೂ ಸೇರಿ ಸರಿ ಮಾಡೋಣ. ನಾಳೆಯಿಂದ ಬರ್ತೀನಿ."

"ಆಯ್ತಣ್ಣ, ತರ್ತೀನಿ" ಎಂದ ಚಿಕ್ಕ ಮೇಸ್ತ್ರಿ, ಅಣ್ಣ ನಿನ್ನೆ ಹೊಯ್ದ ಸಿಮೆಂಟ್ ಒಡೆಯಲು ಹಾರೆ ಹೊತ್ತು ಹೊರಟ.